ನೌಕರಿಯಲ್ಲಿದ್ದುಕೊಂಡೇ ಕಾದಂಬರಿ ಬರೆಯುವ ಬಗೆ

ಕನ್ನಡದಲ್ಲಿ ಬರವಣಿಗೆಯೊಂದರಿಂದಲೇ ಮನೆ ನಡೆಸಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರೆಲ್ಲ ಶಾಲೆ, ಕಾಲೇಜು, ಬ್ಯಾಂಕು, ಸರ್ಕಾರಿ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ದುಡಿಯುತ್ತಲೇ ಬರೆದವರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು 1940ರ ದಶಕದವರೆಗೆ ಮೈಸೂರು ಸಂಸ್ಥಾನದ ಆಡಳಿತ ಸೇವೆಯಲ್ಲಿದ್ದರು. ಕೆ.ಎಸ್. ನರಸಿಂಹಸ್ವಾಮಿ ಅವರ ಮೊದಲ ಕವನ ಸಂಕಲನ 1942ರಲ್ಲಿ ಪ್ರಕಟವಾದಾಗ ಅವರು ಸರ್ಕಾರಿ ಗುಮಾಸ್ತರಾಗಿದ್ದರು. ಅನುಪಮಾ ನಿರಂಜನ ಅವರು ವೈದ್ಯರಾಗಿದ್ದುಕೊಂಡೇ ಕಾದಂಬರಿಗಳನ್ನು ಬರೆದರು. ಯಶವಂತ ಚಿತ್ತಾಲರು ಮುಂಬೈಯ ರಾಸಾಯನಿಕ ಉದ್ಯಮದಲ್ಲಿಯೂ ಜಯಂತ ಕಾಯ್ಕಿಣಿಯವರು ಅದೇ ನಗರದ ಔಷಧ ಉದ್ಯಮದಲ್ಲಿಯೂ ಬಹುಕಾಲ ದುಡಿದವರು. ಇವರ ಉದಾಹರಣೆಯನ್ನು ಇಲ್ಲಿ ಮೊದಲೇ ಹೇಳುವುದಕ್ಕೆ ಕಾರಣವಿದೆ. ಸಂಬಳದ ಕೆಲಸ ಹಿಡಿದವನಿಗೆ ಬರವಣಿಗೆ ದಕ್ಕುವುದಿಲ್ಲ ಎಂಬ ಮಾತು ನಮ್ಮಲ್ಲಿ ಬೇರೂರಿದೆ, ಅನೇಕ ಯುವಕ ಯುವತಿಯರು ಮೊದಲ ಕಾದಂಬರಿಯ ಹತ್ತು ಪುಟ ಬರೆದು ಆ ಮಾತನ್ನು ನಂಬಿ ನಿಲ್ಲಿಸಿಬಿಡುತ್ತಾರೆ. ಅಂಥವರಿಗಾಗಿ ಈ ಬರಹ.

ಮೊದಲು ಹಣದ ಲೆಕ್ಕವನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಹಿಂದೆ ಕನ್ನಡ ಕಾದಂಬರಿಯೊಂದರ ಮೊದಲ ಮುದ್ರಣವೆಂದರೆ ಸಾಮಾನ್ಯವಾಗಿ 1,000 ಪ್ರತಿಗಳು. ಬೇಕಾದಾಗ ಬೇಕಾದಷ್ಟೇ ಮುದ್ರಿಸುವ ತಂತ್ರಜ್ಞಾನ ಬಂದ ಮೇಲೆ ಎಷ್ಟೋ ಪ್ರಕಾಶಕರು ಅದಕ್ಕಿಂತ ಕಡಿಮೆ ಪ್ರತಿಗಳಿಂದಲೇ ಆರಂಭಿಸುತ್ತಾರೆ. ಲೇಖಕರಿಗೆ ಸಲ್ಲುವ ಗೌರವಧನ ಮುಖಬೆಲೆಯ ಶೇ 10ರ ಆಸುಪಾಸಿನಲ್ಲಿರುತ್ತದೆ. 250 ರೂಪಾಯಿ ಬೆಲೆಯ ಪುಸ್ತಕದ ಸಾವಿರ ಪ್ರತಿಗಳೂ ಖರ್ಚಾದರೆ ಕೈಗೆ ಬರುವುದು 25,000 ರೂಪಾಯಿ, ಅದೂ ಎರಡು ಮೂರು ವರ್ಷಗಳ ದುಡಿಮೆಗೆ ಪ್ರತಿಯಾಗಿ. ಆದ್ದರಿಂದ ಮೊದಲ ಕಾದಂಬರಿಗಾಗಿ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ತಿಂಗಳ ಮೊದಲ ದಿನ ಬರುವ ಸಂಬಳ ಬಾಡಿಗೆಯನ್ನಷ್ಟೇ ಕಟ್ಟುವುದಿಲ್ಲ. ಬರೆದ ಎಂಬತ್ತು ಪುಟ ಸರಿಯಿಲ್ಲವೆನಿಸಿದರೆ ತೆಗೆದುಹಾಕುವ ಧೈರ್ಯವನ್ನೂ, ಯಾರ ರುಚಿಗೂ ತಲೆಬಾಗದೆ ಇನ್ನೊಂದು ವರ್ಷ ಕಾಯುವ ತಾಳ್ಮೆಯನ್ನೂ ಕೊಡುತ್ತದೆ. ಪುಸ್ತಕದ ಹಣದಿಂದಲೇ ಅಕ್ಕಿ ತರಬೇಕಾದ ಲೇಖಕರಿಗೆ ಈ ಎರಡೂ ಸುಲಭವಲ್ಲ.

ವಾರದೊಳಗಿನ ಹೊತ್ತು

ವಾರಕ್ಕೆ 168 ಗಂಟೆಗಳು. ಬೆಂಗಳೂರಿನಂಥ ಊರಿನಲ್ಲಿ ಕಚೇರಿಗೆ 45ರಿಂದ 50, ಓಡಾಟಕ್ಕೆ 10ರಿಂದ 15, ನಿದ್ರೆಗೆ 50 ಗಂಟೆಗಳು ಹೋದರೂ ಲೆಕ್ಕದಲ್ಲಿ ಇನ್ನೂ ಐವತ್ತಕ್ಕೂ ಹೆಚ್ಚು ಗಂಟೆಗಳು ಉಳಿಯುತ್ತವೆ. ಅವು ಅರ್ಧ ಗಂಟೆ, ಇಪ್ಪತ್ತು ನಿಮಿಷಗಳ ಚೂರುಗಳಾಗಿ ಚದುರಿರುವುದರಿಂದ ಇವೆಯೆಂದೇ ತೋರುವುದಿಲ್ಲ. ಹಬ್ಬವೂ ತಿಂಗಳ ಕೊನೆಯೂ ಇಲ್ಲದ ಒಂದು ಸಾಧಾರಣ ವಾರವನ್ನು ಆರಿಸಿಕೊಂಡು, ಅರ್ಧ ಗಂಟೆಗೊಮ್ಮೆ ಏನು ಮಾಡುತ್ತಿದ್ದಿರಿ ಎಂಬುದನ್ನು ಸಣ್ಣ ಪುಸ್ತಕವೊಂದರಲ್ಲಿ ಬರೆದಿಡಿ. ಇದು ಸೋಮಾರಿತನವನ್ನು ಪತ್ತೆಹಚ್ಚುವ ತಪಾಸಣೆಯಲ್ಲ. ಯಾರೂ ನಿಮ್ಮನ್ನು ಕೂಗದ, ಫೋನು ಬಾರದ, ತಲೆ ಇನ್ನೂ ದಣಿಯದ ಹೊತ್ತು ದಿನದಲ್ಲಿ ಎಲ್ಲಿದೆ ಎಂಬುದನ್ನು ಗುರುತಿಸುವುದಷ್ಟೇ ಇದರ ಉದ್ದೇಶ.

ಆ ಹೊತ್ತು ಎಲ್ಲರಿಗೂ ಬೆಳಗಿನ ಜಾವದಲ್ಲಿಯೇ ಇರುತ್ತದೆಂದು ಭಾವಿಸಬೇಕಾಗಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ಗಿರಾಕಿಗಳು ಯಾವ ದೇಶದವರು ಎಂಬುದರ ಮೇಲೆ ನಿಮ್ಮ ಬರವಣಿಗೆಯ ಹೊತ್ತು ನಿಂತಿದೆ: ಅಮೆರಿಕದವರಾದರೆ ಸಂಜೆ ಮತ್ತು ರಾತ್ರಿ ಕರೆಗಳಿಗೆ ಮೀಸಲಾಗಿ ಬೆಳಗಿನ ಎರಡು ಗಂಟೆ ನಿಮ್ಮದಾಗುತ್ತದೆ, ಜಪಾನ್, ಆಸ್ಟ್ರೇಲಿಯಾದವರಾದರೆ ಬೆಳಗು ಅವರದು, ಸಂಜೆ ನಿಮ್ಮದು. ನರ್ಸ್, ಪೊಲೀಸ್, ಬಸ್ ನಿರ್ವಾಹಕರಂತೆ ಪಾಳಿಯ ಕೆಲಸದಲ್ಲಿರುವವರು ಗಡಿಯಾರದ ಗಂಟೆಯನ್ನು ಗೊತ್ತುಮಾಡಿಕೊಂಡರೆ ಎರಡನೇ ವಾರಕ್ಕೇ ಕ್ರಮ ಮುರಿಯುತ್ತದೆ. ಅವರು ‘ಪಾಳಿ ಮುಗಿಸಿ, ನಿದ್ದೆ ಮಾಡಿ ಎದ್ದ ಮೇಲಿನ ಮೊದಲ ಗಂಟೆ’ ಎಂದು ಗೊತ್ತುಮಾಡಿಕೊಳ್ಳಬೇಕು. ಶಿಕ್ಷಕರಿಗೆ ಬೇಸಿಗೆಯ ಮತ್ತು ದಸರೆಯ ರಜೆಗಳಿವೆ. ಬ್ಯಾಂಕಿನವರಿಗೂ ರಾಜ್ಯ ಸರ್ಕಾರಿ ನೌಕರರಿಗೂ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ, ವರ್ಷಕ್ಕೆ 52 ಭಾನುವಾರಗಳ ಜೊತೆಗೆ 24 ಶನಿವಾರಗಳು ಸಿಗುತ್ತವೆ. ಆ ಶನಿವಾರಗಳ ಬೆಳಗನ್ನಾದರೂ ಮದುವೆ, ಗೃಹಪ್ರವೇಶಗಳಿಂದ ಉಳಿಸಿಕೊಳ್ಳಬೇಕು.

ಒಂದು ವಿಷಯವನ್ನು ಮಾತ್ರ ಬಿಗಿಯಾಗಿ ಹೇಳಬೇಕಾಗಿದೆ. ನಿದ್ರೆಯ ಹೊತ್ತನ್ನು ಬರವಣಿಗೆಗೆ ತೆಗೆದುಕೊಳ್ಳಬೇಡಿ. ಮಧ್ಯರಾತ್ರಿಯವರೆಗೆ ಕೂತು ಬರೆದು ಬೆಳಿಗ್ಗೆ ದ್ವಿಚಕ್ರ ವಾಹನದಲ್ಲಿ ಕಚೇರಿಗೆ ಹೋಗುವುದು ಅಪಾಯಕರ. ಅಲ್ಲದೆ ನಿದ್ದೆಗೆಟ್ಟು ಬರೆದ ಪುಟಗಳಲ್ಲಿ ಪದಗಳಿರುತ್ತವೆ, ಕಿವಿ ಇರುವುದಿಲ್ಲ.

ಬೆಳಗಿನ ಐದು ಗಂಟೆಗೆ ಎದ್ದು ಬರೆಯಿರಿ ಎಂಬ ಸಲಹೆಯನ್ನು ಬಹುಮಟ್ಟಿಗೆ ಗಂಡಸರೇ ಕೊಡುತ್ತಾರೆ. ನೌಕರಿ ಮಾಡುವ ಎಷ್ಟೋ ಮಹಿಳೆಯರಿಗೆ ಅದು ನಲ್ಲಿಯಲ್ಲಿ ನೀರು ಹಿಡಿಯುವ, ನಾಲ್ಕು ಡಬ್ಬಿಗೆ ತಿಂಡಿ ತುಂಬುವ, ಮಕ್ಕಳನ್ನು ಶಾಲೆಗೆ ಹೊರಡಿಸುವ ಹೊತ್ತು. ಅವರು ಈಗಾಗಲೇ ಐದಕ್ಕೇ ಎದ್ದಿದ್ದಾರೆ. ಆ ಮನೆಗಳಲ್ಲಿ ಮೊದಲು ಮಾಡಬೇಕಾದದ್ದು ಮನೆಗೆಲಸದ ಹಂಚಿಕೆ, ಬರವಣಿಗೆಯ ವೇಳಾಪಟ್ಟಿ ಆಮೇಲಿನ ಮಾತು. ‘ಸ್ವಲ್ಪ ಸಹಾಯ ಮಾಡಿ’ ಎಂದು ಕೇಳುವುದರಿಂದ ಏನೂ ಬದಲಾಗುವುದಿಲ್ಲ. ಮಂಗಳವಾರ ಮತ್ತು ಗುರುವಾರ ತಿಂಡಿ ಯಾರದು, ಶನಿವಾರ ಬೆಳಿಗ್ಗೆ ಅತ್ತೆಯವರನ್ನು ವೈದ್ಯರ ಬಳಿಗೆ ಕರೆದೊಯ್ಯುವವರು ಯಾರು, ಮಗುವಿನ ಲೆಕ್ಕದ ಪುಸ್ತಕವನ್ನು ನೋಡುವವರು ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಬೇಕು, ಆ ದಿನಗಳಲ್ಲಿ ತಿಂಡಿಯ ಉಪ್ಪು ಹೆಚ್ಚು ಕಡಿಮೆಯಾದರೂ ಬರೆಯುವ ಕುರ್ಚಿಯಿಂದ ಏಳಬಾರದು. ಮನೆಯಲ್ಲಿದ್ದರೆ ಕರೆ ತಪ್ಪುವುದಿಲ್ಲ ಎನ್ನುವವರು ವಾರಕ್ಕೊಮ್ಮೆಯಾದರೂ ಮನೆಯಿಂದ ಹೊರಗೆ ಕೂರಬೇಕು. ಬಹುತೇಕ ಪ್ರತಿ ಪಟ್ಟಣದಲ್ಲಿಯೂ ಸಾರ್ವಜನಿಕ ಗ್ರಂಥಾಲಯವಿದೆ. ಬೆಂಗಳೂರಿನವರಿಗೆ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಮೇಜು ಕುರ್ಚಿ ಸಿಗುತ್ತವೆ, ಹಣ ಕೊಡಬೇಕಾಗಿಲ್ಲ, ‘ಎಲ್ಲಿಟ್ಟಿದ್ದೀಯ?’ ಎಂದು ಯಾರೂ ಕೇಳುವುದಿಲ್ಲ.

ದಿನಕ್ಕೆ ಎಷ್ಟು, ಎಲ್ಲಿ ನಿಲ್ಲಿಸಬೇಕು

ದಿನಕ್ಕೆ 300 ಪದಗಳು, ವಾರಕ್ಕೆ ಐದು ದಿನ. ಅಚ್ಚಿನಲ್ಲಿ ಇದು ಸುಮಾರು ಒಂದೂವರೆ ಪುಟ. ವಾರಕ್ಕೆ 1,500 ಪದಗಳಾದರೆ 60,000 ಪದಗಳ ಕಾದಂಬರಿಯ ಮೊದಲ ಕರಡು 40 ವಾರಗಳಲ್ಲಿ ಮುಗಿಯುತ್ತದೆ. ಅಂದರೆ ಯುಗಾದಿಗೆ ಆರಂಭಿಸಿದವರು ಜ್ವರ, ನೆಂಟರು, ಕಚೇರಿಯ ತುರ್ತುಗಳನ್ನೆಲ್ಲ ಕಳೆದರೂ ಮುಂದಿನ ಯುಗಾದಿಯೊಳಗೆ ಮುಗಿಸಬಹುದು. ರಜೆ ಹಾಕಿ ಹದಿನೈದು ದಿನದಲ್ಲಿ ಎಲ್ಲವನ್ನೂ ಬರೆದು ಮುಗಿಸುವ ಯೋಜನೆಗಿಂತ ಇದು ಹೆಚ್ಚು ಭರವಸೆಯದು, ಏಕೆಂದರೆ ಕಾದಂಬರಿಯ ಪಾತ್ರಗಳು ಬರೆಯದೇ ಇರುವ ಇಪ್ಪತ್ತಮೂರು ಗಂಟೆಗಳಲ್ಲಿಯೂ ಮನಸ್ಸಿನಲ್ಲಿ ಬೆಳೆಯುತ್ತಿರುತ್ತವೆ, ಆ ಬೆಳವಣಿಗೆಗೆ ತಿಂಗಳುಗಳೇ ಬೇಕು.

ಕಷ್ಟವಿರುವುದು ಪದಗಳ ಸಂಖ್ಯೆಯಲ್ಲಲ್ಲ, ಬಿಟ್ಟುಹೋದ ಕಡೆಗೆ ಹಿಂದಿರುಗುವುದರಲ್ಲಿ. ಇಡೀ ದಿನ ಬೇರೆಯವರ ಕಡತಗಳಲ್ಲಿಯೋ ಕೋಡ್‌ನಲ್ಲಿಯೋ ಮುಳುಗಿದ ಮನಸ್ಸಿಗೆ ಮರುದಿನ ಕಾದಂಬರಿಯ ಒಳಗೆ ಹೋಗಲು ಅರ್ಧ ಗಂಟೆ ಬೇಕಾದರೆ, ಇರುವ ಒಂದು ಗಂಟೆಯಲ್ಲಿ ಅರ್ಧ ಅಲ್ಲಿಯೇ ಕಳೆಯಿತು. ಇದಕ್ಕೆ ಬಹಳ ಹಳೆಯ ಮತ್ತು ಕೆಲಸಕ್ಕೆ ಬರುವ ಉಪಾಯವಿದೆ: ದೃಶ್ಯವನ್ನು ಮುಗಿಸಿ ಏಳಬೇಡಿ, ಮುಂದೇನು ಎಂಬುದು ಸ್ಪಷ್ಟವಾಗಿ ಗೊತ್ತಿರುವ ಕಡೆಯಲ್ಲಿ, ಸಾಧ್ಯವಾದರೆ ಮಾತಿನ ನಡುವೆಯೇ ನಿಲ್ಲಿಸಿ. ಕೆಳಗೆ ಮೂರು ಸಾಲು ಬರೆದಿಡಿ: ಈಗ ಯಾರು ಎಲ್ಲಿದ್ದಾರೆ, ಮುಂದಿನ ಮಾತು ಯಾರದು, ಈ ಪ್ರಕರಣದಲ್ಲಿ ಇನ್ನೂ ಏನು ಬಾಕಿ. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟಂತೆ ಆ ಮೂರು ಸಾಲು ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಮರುದಿನ ಕೂತಾಗ ಹಿಂದಿನ ಪುಟಗಳನ್ನೆಲ್ಲ ಮೊದಲಿಂದ ಓದಿ ತಿದ್ದುವ ಆಸೆಯನ್ನು ತಡೆಯಬೇಕು. ಕೊನೆಯ ಒಂದು ಪುಟವನ್ನು ಮಾತ್ರ ಓದಿ ಮುಂದುವರಿಯಬೇಕು. ಸಮಯ ಕಡಿಮೆಯಿರುವ ಲೇಖಕರು ಮೊದಲ ಅಧ್ಯಾಯವನ್ನು ವರ್ಷಗಟ್ಟಲೆ ತಿದ್ದುತ್ತ ಎರಡನೆಯದಕ್ಕೆ ಹೋಗದೇ ಉಳಿಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ, ಅವರಲ್ಲಿ ಬಹಳ ಪ್ರತಿಭಾವಂತರೂ ಇದ್ದರು. ಇದು ನನಗೆ ಈಗಲೂ ನೋವಿನ ವಿಷಯ.

ಹೊಸದಾಗಿ ಬರೆಯುವುದಕ್ಕೆ ಬೇಕಾದ ಮನಸ್ಸು ಬೇರೆ, ತಿದ್ದುವುದಕ್ಕೆ, ಓದುವುದಕ್ಕೆ, ಅಚ್ಚಿಗೆ ಸಿದ್ಧಪಡಿಸುವುದಕ್ಕೆ ಬೇಕಾದ ಮನಸ್ಸು ಬೇರೆ. ಗೊತ್ತುಮಾಡಿಕೊಂಡ ಒಳ್ಳೆಯ ಹೊತ್ತನ್ನು ಹೊಸ ಬರವಣಿಗೆಗಷ್ಟೇ ಕೊಡಿ. ತಿದ್ದುವುದಕ್ಕೆ ಭಾನುವಾರದಂಥ ಉದ್ದನೆಯ ಹೊತ್ತು ಬೇಕು, ಏಕೆಂದರೆ ಒಂದೇ ಸಲಕ್ಕೆ ಮೂವತ್ತು ನಲವತ್ತು ಪುಟ ಓದದೇ ಹೋದರೆ ಕಥೆಯ ಓಟದಲ್ಲಿರುವ ತೊಡಕು ಕಾಣುವುದಿಲ್ಲ. ಓದನ್ನು ಪ್ರಯಾಣಕ್ಕೆ ಬಿಡಬಹುದು: ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ದಾರಿ ಒಂದು ಗಂಟೆಗೂ ಮೀರಿದ್ದು, ದಿನವೂ ಅಷ್ಟು ದೂರ ಓಡಾಡುವವರು ವರ್ಷಕ್ಕೆ ಹತ್ತಾರು ಕಾದಂಬರಿಗಳನ್ನು ಅಲ್ಲಿಯೇ ಓದಿ ಮುಗಿಸಬಹುದು. ದಾರಿಯಲ್ಲಿ ಹೊಳೆದದ್ದನ್ನು ಫೋನಿನಲ್ಲಿ ಮಾತಾಡಿ ಬರೆಸಬಹುದು, ಆದರೆ ಆ ಸೌಲಭ್ಯ ನಮ್ಮ ಆಡುಮಾತಿನ ಬನಿಯನ್ನು ಅನೇಕ ವೇಳೆ ಗ್ರಂಥಭಾಷೆಗೆ ಎಳೆದುಬಿಡುತ್ತದೆ. ಟಿಪ್ಪಣಿಗೆ ಸಾಕು, ಸಂಭಾಷಣೆಗೆ ಬೇಡ. ಇನ್ನು ಹಸ್ತಪ್ರತಿಯನ್ನು ಯೂನಿಕೋಡ್‌ನಲ್ಲಿಯೇ ಇಟ್ಟುಕೊಳ್ಳುವುದು ಮೇಲು. ಆಗ ಮನೆಯ ಕಂಪ್ಯೂಟರಿನಲ್ಲಿ ಬರೆದದ್ದನ್ನು ಫೋನಿನಲ್ಲಿ ತೆರೆಯಬಹುದು, ಪಾತ್ರದ ಹೆಸರು ಎಲ್ಲೆಲ್ಲಿ ಬಂದಿದೆಯೆಂದು ಹುಡುಕಬಹುದು. ಪುಟವಿನ್ಯಾಸದವರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಕೇಳಿದರೆ ಕೊನೆಯಲ್ಲಿ ಪರಿವರ್ತಿಸಿಕೊಟ್ಟು, ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಕರಡನ್ನು ಒಮ್ಮೆ ಪೂರ್ತಿ ಓದಬೇಕು.

ಕೆಲಸಕ್ಕೆ ತಕ್ಕ ಪ್ರಕಾರ

ಯಾವ ಸಾಹಿತ್ಯ ಪ್ರಕಾರ ನಿಮ್ಮ ಕೆಲಸದ ಲಯಕ್ಕೆ ಹೊಂದುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಮಾಸ್ತಿಯವರ ಬದುಕಿನಲ್ಲಿ ಇದು ಎದ್ದು ಕಾಣುತ್ತದೆ: ಸೇವೆಯಲ್ಲಿದ್ದ ವರ್ಷಗಳಲ್ಲಿ ಅವರು ಸಣ್ಣಕಥೆಗಳನ್ನೂ ನೀಳ್ಗತೆಯನ್ನೂ ಬರೆದರು, ಅವರ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳು ಸೇವೆಯಿಂದ ಹೊರಬಂದ ಮೇಲೆ ಬಂದವು. ಅವುಗಳಲ್ಲಿ ‘ಚಿಕವೀರ ರಾಜೇಂದ್ರ’ಕ್ಕಾಗಿ ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ಊರೂರು ಸುತ್ತುವ ಕೆಲಸದಲ್ಲಿ ಇರುವವರಿಗೆ, ತಿಂಗಳಲ್ಲಿ ಹತ್ತು ದಿನ ಮಾತ್ರ ನೆಮ್ಮದಿ ಸಿಗುವವರಿಗೆ ಸಣ್ಣಕಥೆಯೇ ಸರಿಯಾದ ಆರಂಭ, ಅದರಲ್ಲಿ ಕಡಿಮೆಯೇನೂ ಇಲ್ಲ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಗೆ ಕಥೆ ಕಳುಹಿಸುವ ಗಡುವು ಹಬ್ಬಕ್ಕಿಂತ ತಿಂಗಳುಗಳ ಮೊದಲೇ ಇರುತ್ತದೆ; ಗಡುವಿಲ್ಲದೆ ಬರೆಯಲಾಗದವರು ಅದನ್ನೇ ತಮ್ಮ ವರ್ಷದ ಗುರುತಾಗಿ ಇಟ್ಟುಕೊಳ್ಳಬಹುದು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಚಿತ್ತಾಲರದು. ನೌಕರಿಯಲ್ಲಿ ಇದ್ದಾಗಲೇ ಅವರು ಕಾದಂಬರಿಗಳನ್ನು ಬರೆದರು, 1979ರ ‘ಶಿಕಾರಿ’ಯಲ್ಲಿ ಮುಂಬೈಯ ಕಂಪನಿಯೊಂದರ ಒಳಗಿನ ಸಂಚು, ಭಯ, ಅಧಿಕಾರದ ಆಟಗಳನ್ನೇ ವಸ್ತುವಾಗಿಸಿಕೊಂಡರು. ಹೊರಗೆ ನಿಂತವರಿಗೆ ಆ ಲೋಕ ಅಷ್ಟು ಒಳಗಿನಿಂದ ಗೊತ್ತಾಗುವುದು ಕಷ್ಟ. ತಾಲ್ಲೂಕು ಕಚೇರಿಯಲ್ಲಿ ಪಹಣಿಗಾಗಿ ಬರುವ ರೈತರು, ಬ್ಯಾಂಕಿನಲ್ಲಿ ಚಿನ್ನ ಅಡವಿಡಲು ಬಂದು ಬಳೆ ಬಿಚ್ಚುವಾಗ ಮುಖ ತಿರುಗಿಸುವ ಹೆಂಗಸು, ಪ್ರಾಜೆಕ್ಟ್ ಮುಗಿದು ಮುಂದಿನದಕ್ಕೆ ಕಾಯುತ್ತ ದಿನ ಎಣಿಸುವ ಎಂಜಿನಿಯರು, ಇವರೆಲ್ಲ ದಿನವೂ ನಿಮ್ಮ ಮೇಜಿನ ಎದುರಿಗೆ ಬರುವವರು. ಅವರ ಮಾತಿನ ರೀತಿ, ಕೈಯ ಚಲನೆ, ಕಚೇರಿಯ ಶಬ್ದಗಳು ಇವುಗಳನ್ನು ಸಂಜೆ ನಾಲ್ಕು ಸಾಲಿನಲ್ಲಿ ದಾಖಲಿಸುವ ಅಭ್ಯಾಸವನ್ನು ಇಂದೇ ಆರಂಭಿಸಿ. ಕಥೆಗೆ ತರುವಾಗ ಹೆಸರನ್ನಷ್ಟೇ ಬದಲಾಯಿಸಿದರೆ ಸಾಲದು; ಊರು, ವಯಸ್ಸು, ಹುದ್ದೆ, ಘಟನೆಯ ಜೋಡಣೆ ಎಲ್ಲವನ್ನೂ ಕಲಸಿ ಬೇರೆಯೇ ವ್ಯಕ್ತಿಯನ್ನು ಕಟ್ಟಬೇಕು. ಅಡವಿಡಲು ಬಂದ ಹೆಂಗಸಿಗೆ ತನ್ನ ಕಷ್ಟ ಕಥೆಯಾಗಲಿ ಎಂಬ ಒಪ್ಪಿಗೆ ಇರಲಿಲ್ಲ ಎಂಬುದನ್ನು ಮರೆಯಬಾರದು.

ಬರೆಯಲಾಗದ ತಿಂಗಳುಗಳು ಇದ್ದೇ ಇರುತ್ತವೆ. ಬ್ಯಾಂಕಿನವರಿಗೆ ಮಾರ್ಚ್, ಶಿಕ್ಷಕರಿಗೆ ಮೌಲ್ಯಮಾಪನ ಮತ್ತು ಚುನಾವಣಾ ಕರ್ತವ್ಯ, ಕಂಪನಿಯವರಿಗೆ ಸಾಫ್ಟ್‌ವೇರ್ ಬಿಡುಗಡೆಯ ವಾರಗಳು. ಆ ಕಾಲದಲ್ಲಿ ದಿನವೂ ಬರೆಯಲು ಹೋಗಿ ದಿನವೂ ಸೋಲುವ ಬದಲು, ಇಂಥ ದಿನದಿಂದ ಇಂಥ ದಿನದವರೆಗೆ ಬಿಡುವು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನಿಲ್ಲಿಸಿ. ಬಿಡುವಿನಲ್ಲಿಯೂ ಹಸ್ತಪ್ರತಿಯ ಒಂದು ಪುಟವನ್ನು ವಾರಕ್ಕೊಮ್ಮೆ ಓದುತ್ತಿದ್ದರೆ ಪಾತ್ರಗಳ ದನಿ ಕಿವಿಯಲ್ಲಿ ಉಳಿಯುತ್ತದೆ.

ನನ್ನ ಅನುಭವದಲ್ಲಿ ನೌಕರಿಗಿಂತ ಹೆಚ್ಚು ಹೊತ್ತನ್ನು ತಿನ್ನುವುದು ಸಾಹಿತ್ಯದ ಸುತ್ತಲಿನ ಗದ್ದಲ. ಪುಸ್ತಕ ಬಿಡುಗಡೆ, ಸಂವಾದ, ವಾಟ್ಸ್‌ಆ್ಯಪ್ ಗುಂಪಿನ ಚರ್ಚೆ, ಫೇಸ್‌ಬುಕ್‌ನಲ್ಲಿ ಪರಸ್ಪರ ಮೆಚ್ಚುಗೆ ಇವೆಲ್ಲ ಬರವಣಿಗೆಯ ಭಾಗವೆಂಬ ಭ್ರಮೆಯನ್ನು ಹುಟ್ಟಿಸುತ್ತವೆ. ವಾರವೆಲ್ಲ ದುಡಿದವರಿಗೆ ಇರುವುದು ಒಂದು ಭಾನುವಾರ. ಅದರ ಬೆಳಗನ್ನು ಸಮಾರಂಭಕ್ಕೆ ಕೊಟ್ಟರೆ ಆ ವಾರದ ತಿದ್ದುವ ಕೆಲಸ ಹೋಯಿತು. ತಿಂಗಳಿಗೆ ಒಂದು ಕಾರ್ಯಕ್ರಮ, ಅದೂ ನಿಜವಾಗಿ ಕೇಳಬೇಕಾದ ಮಾತಿದ್ದರೆ, ಎಂಬ ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ಅದರ ಬದಲು ಹಸ್ತಪ್ರತಿಯನ್ನು ಓದಿ ನೇರವಾಗಿ ಮಾತಾಡುವ ಇಬ್ಬರು ಗೆಳೆಯರನ್ನು ಸಂಪಾದಿಸಿಕೊಳ್ಳಿ.

ಕಚೇರಿ ಮತ್ತು ಕಾನೂನು

ಕಚೇರಿಯ ಹೊತ್ತಿನಲ್ಲಿ, ಕಚೇರಿಯ ಕಂಪ್ಯೂಟರಿನಲ್ಲಿ ಕಾದಂಬರಿ ಬರೆಯಬೇಡಿ. ಇದು ನೀತಿಯ ಮಾತೂ ಹೌದು, ಹಕ್ಕಿನ ಮಾತೂ ಹೌದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ನೌಕರಿಯ ಕರಾರಿನಡಿ ಕೆಲಸದ ಭಾಗವಾಗಿ ರಚಿಸಿದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರದು. ನಿಮ್ಮ ಹೊತ್ತಿನಲ್ಲಿ, ನಿಮ್ಮ ಸಾಧನದಲ್ಲಿ, ಕೆಲಸಕ್ಕೆ ಸಂಬಂಧವಿಲ್ಲದೆ ಬರೆದ ಕಾದಂಬರಿ ನಿಮ್ಮದೇ. ಆದರೆ ಕೆಲವು ಖಾಸಗಿ ಕಂಪನಿಗಳ ನೇಮಕಾತಿ ಪತ್ರದಲ್ಲಿ ನೌಕರರ ಎಲ್ಲ ರಚನೆಗಳೂ ಕಂಪನಿಗೆ ಸೇರುತ್ತವೆ ಎಂಬಂಥ ವಿಶಾಲವಾದ ಷರತ್ತು ಇರುತ್ತದೆ. ಅದನ್ನು ತೆಗೆದು ಓದಿ, ಸಂಶಯವಿದ್ದರೆ ಸಾಹಿತ್ಯ ಕೃತಿಗಳಿಗೆ ಅದು ಅನ್ವಯಿಸುವುದಿಲ್ಲವೆಂದು ಮಾನವ ಸಂಪನ್ಮೂಲ ವಿಭಾಗದಿಂದ ಲಿಖಿತವಾಗಿ ಪಡೆಯಿರಿ.

ಕೇಂದ್ರ ಸರ್ಕಾರದ ನೌಕರರಿಗೆ 1964ರ ನಡತೆ ನಿಯಮಗಳ 15ನೇ ನಿಯಮ, ಸಾಹಿತ್ಯ, ಕಲೆ ಅಥವಾ ವಿಜ್ಞಾನ ಸ್ವರೂಪದ ಕೆಲಸವನ್ನು ಆಗೊಮ್ಮೆ ಈಗೊಮ್ಮೆ ಕೈಗೊಳ್ಳಲು ಪೂರ್ವಾನುಮತಿ ಇಲ್ಲದೆಯೇ ಅವಕಾಶ ಕೊಡುತ್ತದೆ. ಕರ್ತವ್ಯಕ್ಕೆ ಅಡ್ಡಿಯಾಗಬಾರದು ಎಂಬುದು ಅಲ್ಲಿನ ಷರತ್ತು. ರಾಜ್ಯ ಸರ್ಕಾರಿ ನೌಕರರು 2021ರ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳನ್ನು ತಾವೇ ಓದಿಕೊಳ್ಳಬೇಕು, ಅದರಲ್ಲಿಯೂ ಕೃತಿಯ ವಸ್ತು ಸರ್ಕಾರದ ಕೆಲಸಕಾರ್ಯಗಳನ್ನು ಮುಟ್ಟುವುದಾದರೆ. ಸಹೋದ್ಯೋಗಿಯ ಬಾಯಿಮಾತನ್ನು ನೆಚ್ಚಬಾರದು. ಕೇಳುವುದಿದ್ದರೆ ಅರ್ಜಿ ಬರೆದು ಕೇಳಿ, ಉತ್ತರದ ಪ್ರತಿಯನ್ನು ಇಟ್ಟುಕೊಳ್ಳಿ.

ಗೌರವಧನ ಬಂದ ವರ್ಷ ಅದನ್ನು ಆದಾಯ ತೆರಿಗೆಯ ವಿವರದಲ್ಲಿ ತೋರಿಸಬೇಕು. 1961ರ ಕಾಯ್ದೆಯ 80ಕ್ಯೂಕ್ಯೂಬಿ ಕಲಮಿನಲ್ಲಿ ಪುಸ್ತಕದ ಗೌರವಧನಕ್ಕೆ 3 ಲಕ್ಷ ರೂಪಾಯಿಯವರೆಗೆ ಕಡಿತದ ಅವಕಾಶವನ್ನು ಇಟ್ಟಿದ್ದರು, ಆದರೆ ಅದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಯಾವ ಪದ್ಧತಿ ಅನುಕೂಲವೆಂದು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿದರೆ ಸಾಕು.

ಹಸ್ತಪ್ರತಿ ಮುಗಿದಾಗ ಪ್ರಕಾಶಕರಿಗೆ ಕಳುಹಿಸುವ ಮುನ್ನ ಎರಡು ತಿಂಗಳು ಅದನ್ನು ಮುಟ್ಟದೆ ಇಟ್ಟು, ಆಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ನೀವು ಯುವ ಬರಹಗಾರರಾಗಿದ್ದು ಇದು ಮೊದಲ ಪುಸ್ತಕವಾಗಿದ್ದರೆ, ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆಯ ಪ್ರಕಟಣೆಯನ್ನು ಗಮನಿಸುತ್ತಿರಿ. ಪ್ರಕಾಶಕರು ಒಪ್ಪಿದ ಮೇಲೆ ವಿಶ್ವಾಸದ ಮಾತಿನಲ್ಲಿಯೇ ಎಲ್ಲವನ್ನೂ ಮುಗಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆದರೆ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು ಎಂಬುದು ಕಾನೂನು. ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಅದು ಭಾವಿಸುತ್ತದೆ. ಆದ್ದರಿಂದ ಎಷ್ಟು ಪ್ರತಿ, ಎಷ್ಟು ಶೇಕಡಾ ಗೌರವಧನ, ಯಾವ ತಿಂಗಳಲ್ಲಿ ಲೆಕ್ಕ, ಎಷ್ಟು ವರ್ಷ, ಇ-ಪುಸ್ತಕ, ಆಡಿಯೊ, ಅನುವಾದ ಮತ್ತು ಚಲನಚಿತ್ರದ ಹಕ್ಕು ಯಾರದು ಎಂಬುದನ್ನು ಒಂದೇ ಪುಟದಲ್ಲಾದರೂ ಬರೆಸಿ, ಇಬ್ಬರೂ ಸಹಿ ಮಾಡಿದ ಪ್ರತಿಯನ್ನು ನೌಕರಿಯ ನೇಮಕಾತಿ ಪತ್ರವನ್ನು ಇಟ್ಟಿರುವ ಕಡತದಲ್ಲಿಯೇ ಸೇರಿಸಿಡಿ.